ರಾತ್ರಿ ಬಿಸಿಯಾಗುತ್ತಿದ್ದ ಪರಮಾಣುಗಳು

ನಮ್ಮ ಪ್ರಯೋಗಾಲಯದಲ್ಲಿ ದಿನಕ್ಕೆ ನೂರು ಸಲ ಕೇಳಿಬರುತ್ತಿದ್ದ ಪದ ‘ಮಾಟ್’. ಲೇಸರ್ ಬೆಳಕು ಮತ್ತು ಕಾಂತಕ್ಷೇತ್ರ ಎರಡನ್ನೂ ಬಳಸಿ ಪರಮಾಣುಗಳನ್ನು ಹಿಡಿದಿಡುವ ಬಲೆಗೆ ಇಂಗ್ಲಿಷಿನ ಮೊದಲಕ್ಷರಗಳಿಂದ ಬಂದ ಹೆಸರು ಅದು. ಪಿಎಚ್.ಡಿ.ಯ ಮೊದಲ ವರ್ಷ ಅಮ್ಮನೊಂದಿಗೆ ಫೋನಿನಲ್ಲಿ ಮಾತನಾಡುತ್ತಿದ್ದಾಗ ಹಿಂದಿನಿಂದ ಯಾರೋ ‘ಮಾಟ್ ಹೋಯಿತು!’ ಎಂದು ಕೂಗಿದರು. ‘ಏನೋ ಅದು ಮಾಟ ಗೀಟ?’ ಎಂದು ಅಮ್ಮ ಗಾಬರಿಯಾದಳು. ಆಮೇಲೆ ನಾನು ಪಟ್ಟ ಪಾಡು ನೋಡಿದರೆ ಅವಳ ಅನುಮಾನದಲ್ಲಿ ತಪ್ಪೇನೂ ಇರಲಿಲ್ಲ.

ಬಲೆ ಹಾಕುವ ಮೊದಲಿನ ಕೆಲಸವೇ ವರ್ಷ ತಿನ್ನುತ್ತದೆ. ಉಕ್ಕಿನ ನಿರ್ವಾತ ಕೋಣೆಗೆ ಅಲ್ಯುಮಿನಿಯಂ ಫಾಯಿಲ್ ಸುತ್ತಿ, ಸುಮಾರು 200 ಡಿಗ್ರಿಯಲ್ಲಿ ಎರಡು ವಾರ ಬೇಯಿಸಿದೆವು. ಗೋಡೆಗೆ ಅಂಟಿಕೊಂಡ ನೀರಿನ ಅಂಶ ಬಿಟ್ಟುಹೋಗಲು ಅಷ್ಟು ಬೇಕು. ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಲಕ್ಷ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗಬೇಕು. ಒಳಮೈಗೆ ತಾಗಿದ ಒಂದು ಬೆರಳಚ್ಚು ಸಾಕು, ವಾರಗಟ್ಟಲೆ ಅನಿಲ ಬಿಡುತ್ತಲೇ ಇರುತ್ತದೆ.

ನಾವು ಹಿಡಿಯುತ್ತಿದ್ದದ್ದು ರುಬಿಡಿಯಂ-87 ಎಂಬ ಲೋಹದ ಪರಮಾಣುಗಳನ್ನು. ಕೋಣೆಯ ತಾಪದಲ್ಲಿ ಅದರ ಪರಮಾಣುಗಳ ವೇಗ ಸೆಕೆಂಡಿಗೆ ಸುಮಾರು 300 ಮೀಟರ್. ಎದುರಿನಿಂದ ಬರುವ 780 ನ್ಯಾನೋಮೀಟರ್ ಬೆಳಕಿನ ಒಂದೊಂದು ಫೋಟಾನ್, ಅಂದರೆ ಬೆಳಕಿನ ಕಣ, ಬಡಿದಾಗಲೂ ಆ ವೇಗದಲ್ಲಿ ತಗ್ಗುವುದು ಸೆಕೆಂಡಿಗೆ 6 ಮಿಲಿಮೀಟರ್ ಮಾತ್ರ. ಆದರೆ ಸೆಕೆಂಡಿಗೆ ಒಂದು ಕೋಟಿಯಷ್ಟು ಸಲ ಬಡಿಯಬಹುದು. ಈ ಬೆಳಕು ಕಣ್ಣಿಗೆ ಕಾಣುವುದೇ ಕಷ್ಟ. ಹಾಗಾಗಿ ಅಗ್ಗದ ಸಿಸಿಟಿವಿ ಕ್ಯಾಮೆರಾವನ್ನೇ ಕಿಟಕಿಗೆ ತಿರುಗಿಸಿ ಇಟ್ಟಿದ್ದೆವು. ಪರದೆಯ ಮೇಲೆ ಮೊದಲ ಬಾರಿ ಸಾಸಿವೆಯಷ್ಟು ಬಿಳಿ ಚುಕ್ಕೆ ಮೂಡಿದ ಸಂಜೆ ಯಾರೂ ಮನೆಗೆ ಹೋಗಲಿಲ್ಲ. ಕೋಟ್ಯಂತರ ಪರಮಾಣುಗಳು ಒಂದೆಡೆ ನಿಂತಿದ್ದವು!

ಪರಮಾಣುಗಳ ವೇಗ ತಗ್ಗಿದಷ್ಟೂ ಅವುಗಳ ತಾಪ ಇಳಿಯುತ್ತದೆ. ಮುಂದಿನದು ಇನ್ನೂ ತಣಿಸುವ ಹಂತ. ಕಾಂತಕ್ಷೇತ್ರವನ್ನು ನಿಲ್ಲಿಸಿ ಬೆಳಕನ್ನಷ್ಟೇ ಉಳಿಸಿದರೆ ಪರಮಾಣುಗಳು ಕಾಕಂಬಿಯಲ್ಲಿ ಸಿಕ್ಕಿಕೊಂಡಂತೆ ತೆವಳುತ್ತವೆ. ಅದಕ್ಕೇ ಇಂಗ್ಲಿಷಿನಲ್ಲಿ ಈ ಹಂತಕ್ಕೆ ಕಾಕಂಬಿಯದೇ ಹೆಸರು. ಮಲೆನಾಡಿನವನಾದ ನಾನು ಅದನ್ನು ಜೋನಿಬೆಲ್ಲ ಎಂದೇ ಕರೆಯುತ್ತಿದ್ದೆ. ಸರಳ ಸಿದ್ಧಾಂತದ ಪ್ರಕಾರ ರುಬಿಡಿಯಂ ಹೀಗೆ ತಣಿಯಬಹುದಾದ ಕೊನೆಯ ಮಿತಿ 146 ಮೈಕ್ರೊಕೆಲ್ವಿನ್, ಅಂದರೆ ಪರಮ ಶೂನ್ಯ ತಾಪಕ್ಕಿಂತ ಒಂದು ಡಿಗ್ರಿಯ ಹತ್ತು ಲಕ್ಷದಲ್ಲಿ 146 ಪಾಲಷ್ಟೇ ಮೇಲೆ. ಆದರೆ 1988ರಲ್ಲಿ ಅಮೆರಿಕದ ಭೌತವಿಜ್ಞಾನಿ ವಿಲಿಯಂ ಫಿಲಿಪ್ಸ್ ಅವರ ತಂಡ ಸೋಡಿಯಂ ಪರಮಾಣುಗಳು ತಮ್ಮ ಮಿತಿಗಿಂತ ಬಹಳ ಕೆಳಗೆ ಇಳಿದದ್ದನ್ನು ಅಳೆದು ತೋರಿಸಿತು. ಹಾಗೆ ಇಳಿಯಲು ಒಂದು ಷರತ್ತಿದೆ: ಪರಮಾಣುಗಳಿರುವ ಜಾಗದಲ್ಲಿ ಕಾಂತಕ್ಷೇತ್ರ ಸೊನ್ನೆಯ ಹತ್ತಿರ ಇರಬೇಕು. ಭೂಮಿಯ ಕಾಂತಕ್ಷೇತ್ರವನ್ನೂ ಮೂರು ಜೊತೆ ತಂತಿ ಸುರುಳಿಗಳಿಂದ ಕಳೆಯಬೇಕು. ಅದನ್ನೆಲ್ಲ ಮಾಡಿದ್ದೆವು.

ತಾಪ ಅಳೆಯಲು ಥರ್ಮಾಮೀಟರ್ ಇಲ್ಲ. ಬೆಳಕು ಆರಿಸಿ ಪರಮಾಣುಗಳನ್ನು ಬೀಳಲು ಬಿಡುತ್ತೇವೆ. 20 ಮಿಲಿಸೆಕೆಂಡಿನಲ್ಲಿ ಎರಡು ಮಿಲಿಮೀಟರ್ ಬೀಳುವಷ್ಟರಲ್ಲಿ ಆ ಮೋಡ ಎಷ್ಟು ಹರಡಿತು ಎಂದು ಚಿತ್ರ ತೆಗೆದು ಲೆಕ್ಕ ಹಾಕುತ್ತೇವೆ. ಹಗಲು ಅಳೆದರೆ 40 ಮೈಕ್ರೊಕೆಲ್ವಿನ್. ರಾತ್ರಿ ಹತ್ತರ ಮೇಲೆ ಅಳೆದರೆ 130, ಕೆಲವೊಮ್ಮೆ ಅದಕ್ಕೂ ಹೆಚ್ಚು. ಲಿಫ್ಟ್ ನಿಂತು ಕಟ್ಟಡವೆಲ್ಲ ಸದ್ದಡಗುವ ರಾತ್ರಿಯೇ ಪ್ರಯೋಗಕ್ಕೆ ಒಳ್ಳೆಯದು ಎಂಬುದು ಎಲ್ಲರ ನಂಬಿಕೆ. ನಮ್ಮಲ್ಲಿ ತಲೆಕೆಳಗು.

‘ಹಗಲಿಗೂ ರಾತ್ರಿಗೂ ಏನೇನು ಬದಲಾಗುತ್ತದೋ ಪಟ್ಟಿ ಮಾಡು’ ಎಂದರು ಮೇಷ್ಟ್ರು. ಮಾಡಿದೆ. ಏಸಿ, ವೋಲ್ಟೇಜು, ಲೇಸರಿನ ಶಕ್ತಿ, ಫೈಬರಿನಲ್ಲಿ ತಿರುಗುವ ಬೆಳಕಿನ ಧ್ರುವೀಕರಣ (ಬೆಳಕಿನ ಅಲೆ ಕಂಪಿಸುವ ದಿಕ್ಕು), ಪಕ್ಕದ ಕೋಣೆಯ ಕಂಪ್ರೆಸರ್. ಐದು ವಾರ ಒಂದೊಂದನ್ನೇ ಹೊಡೆದುಹಾಕುತ್ತ ಬಂದೆ. ಧ್ರುವೀಕರಣದ ಮೇಲೆ ನನಗೆ ಎಂಥ ಅನುಮಾನವಿತ್ತೆಂದರೆ, ಫೈಬರನ್ನೇ ಬದಲಿಸಿ ಕನ್ನಡಿಗಳನ್ನೆಲ್ಲ ಮತ್ತೆ ಸರಿಹೊಂದಿಸಿದೆ. ಅದರಿಂದ ಆದದ್ದು ನಾಲ್ಕು ದಿನದ ಬೆನ್ನುನೋವು.

ಒಂದು ರಾತ್ರಿ ಕಿರಿಯ ಸಹಪಾಠಿಯ ಕೈಯಿಂದ ಸಣ್ಣ ಸ್ಕ್ರೂ ಒಂದು ಮೇಜಿನ ಕೆಳಗೆ ಬಿತ್ತು. ಹುಡುಕಲೆಂದು ಅವನು ನನ್ನ ಓದುವ ದೀಪವನ್ನು ಎತ್ತಿಕೊಂಡ. ಬಲೆ ಚಾಲೂ ಇತ್ತು. ನನ್ನ ಕಣ್ಣು ಪರದೆಯ ಮೇಲಿತ್ತು. ಚುಕ್ಕೆ ಪಕ್ಕಕ್ಕೆ ಜಾರಿತು, ಒಂದು ಮಿಲಿಮೀಟರ್ ಇರಬಹುದು.

‘ದೀಪ ವಾಪಸ್ ಇಡು’ ಎಂದೆ. ಚುಕ್ಕೆ ಮೊದಲಿನ ಜಾಗಕ್ಕೆ ಬಂತು.

‘ಅಣ್ಣಾ, ಇದರ ಬುಡದಲ್ಲಿ ಮ್ಯಾಗ್ನೆಟ್ ಇದೆ’ ಎಂದ ಅವನು, ಬಹಳ ಮೆಲ್ಲಗೆ.

ನಿರ್ವಾತ ಕೋಣೆಯ ಪಕ್ಕದ ಕಂಬಕ್ಕೆ ತಟ್ಟನೆ ಅಂಟಿಕೊಳ್ಳುತ್ತದೆ ಎಂದೇ ಆ ದೀಪವನ್ನು ನಾನು ತಂದಿದ್ದು. ಕತ್ತಲಾದ ಮೇಲೆ ಅಂಟಿಸುತ್ತಿದ್ದೆ, ಬೆಳಗ್ಗೆ ಬಿಚ್ಚಿಡುತ್ತಿದ್ದೆ. ಮೇಷ್ಟ್ರು ಕೇಳಿದ ಪಟ್ಟಿಯನ್ನೂ ಅದರ ಬೆಳಕಿನಲ್ಲೇ ಬರೆದಿದ್ದೆ. ದೀಪ ತೆಗೆದು ಆ ರಾತ್ರಿಯೇ ಅಳೆದೆವು: 42.

ಈಗ ದೀಪ ಬಾಗಿಲ ಬಳಿಯ ಮೊಳೆಯಲ್ಲಿ ನೇತಾಡುತ್ತಿದೆ. ಸಿಸಿಟಿವಿ ಪರದೆಯ ಗಾಜಿನ ಮೇಲೆ ಚುಕ್ಕೆ ಇರಬೇಕಾದ ಜಾಗಕ್ಕೆ ಮಾರ್ಕರ್ ಪೆನ್ನಿನಿಂದ ಸಣ್ಣ ಅಡ್ಡಗೆರೆ ಎಳೆದಿದ್ದೇವೆ. ಹೊಸಬರು ಬಂದಾಗ ಅದನ್ನು ಕೊಳೆ ಎಂದು ಒರೆಸಲು ಹೋಗುತ್ತಾರೆ.