ಹಾಸಿಗೆಯ ಬಳಿಯೇ ಪಿತ್ತಕೋಶಕ್ಕೆ ನಳಿಕೆ: ಕಲಬುರಗಿಯಲ್ಲಿ ನನ್ನ ಅನುಭವ

ಕಳೆದ ನಾಲ್ಕು ವರ್ಷಗಳಲ್ಲಿ ಸುಮಾರು ಮೂವತ್ತೆಂಟು ರೋಗಿಗಳ ಪಿತ್ತಕೋಶಕ್ಕೆ ಐಸಿಯು ಹಾಸಿಗೆಯಲ್ಲೇ, ಅಲ್ಟ್ರಾಸೌಂಡ್ ನೋಡಿಕೊಂಡು, ಕೀವು ಹೊರಬಿಡಲು ಪಿಗ್‌ಟೇಲ್ (ತುದಿ ಸುರುಳಿಯಾಗಿ ಒಳಗೇ ನಿಲ್ಲುವ ನಳಿಕೆ) ಹಾಕಿದ್ದೇನೆ. ಇದು ನೆನಪಿನ ಲೆಕ್ಕ. ಮೊದಲ ಆರರಲ್ಲಿ ಮೂರು ಕೆಟ್ಟವು; ಕೊನೆಯ ಇಪ್ಪತ್ತರಲ್ಲಿ ಒಂದು ಮಾತ್ರ. ಫ್ಲೋರೋಸ್ಕೋಪಿ (ಚಲಿಸುವ ಎಕ್ಸ್‌ರೇ ಚಿತ್ರ) ಇಲ್ಲದ ಊರಿನ ಆಸ್ಪತ್ರೆಯಲ್ಲಿ ಇದಕ್ಕೆ ಕೈ ಹಾಕಬಾರದು ಎಂದು ಹೇಳಿದ್ದ ಸಹೋದ್ಯೋಗಿಗಳಲ್ಲಿ ಇಬ್ಬರು ಈಗ ತಮ್ಮ ರೋಗಿಗಳನ್ನು ನನ್ನ ಬಳಿಗೇ ಕಳುಹಿಸುತ್ತಾರೆ.

ಇದಕ್ಕೆ ತೊಡಗಿದ್ದು ದೂರದ ಕಾರಣದಿಂದ. ಇಂಥ ರೋಗಿಗಳನ್ನು ಕಳುಹಿಸುತ್ತಿದ್ದ ಹೈದರಾಬಾದಿಗೆ ಇಲ್ಲಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್. ವೆಂಟಿಲೇಟರ್ ಇರುವ ಆಂಬುಲೆನ್ಸಿಗೆ ಆಗ ಹದಿನೆಂಟರಿಂದ ಇಪ್ಪತ್ತು ಸಾವಿರ ರೂಪಾಯಿ, ಅಲ್ಲಿ ಮುಂಗಡ ಬೇರೆ. ನಾನು ಹಾಗೆ ಕಳುಹಿಸಿದ ಒಬ್ಬ ವೃದ್ಧರು ಹುಮನಾಬಾದ್ ದಾಟುವ ಮೊದಲೇ ತೀರಿಕೊಂಡರು. ಮುಂದಿನ ತಿಂಗಳು ಆಳಂದ ತಾಲ್ಲೂಕಿನ ಎಪ್ಪತ್ತು ದಾಟಿದ ತಾಯಿಯೊಬ್ಬರು ಸಕ್ಕರೆ ಕಾಯಿಲೆ, ಕುಸಿದ ರಕ್ತದೊತ್ತಡ, ಕೀವು ತುಂಬಿದ ಪಿತ್ತಕೋಶದೊಂದಿಗೆ ಬಂದಾಗ ಅವರ ಮಗ, "ಸಾಹೇಬ್ರ, ಅವ್ವನ್ನ ಹೈದ್ರಾಬಾದಕ್ಕ ಒಯ್ಯಾ ತಾಕತ್ ನಮ್ಮಲ್ಲಿ ಇಲ್ರಿ, ಏನ್ ಮಾಡ್ತೀರೋ ಇಲ್ಲೇ ಮಾಡ್ರಿ" ಎಂದರು.

ಅದೇ ನನ್ನ ಮೊದಲ ಪ್ರಯತ್ನ, ಮೊದಲ ತಪ್ಪೂ ಅದೇ. ಹದಿನೆಂಟು ಗೇಜಿನ ಸೂಜಿ ಸರಿಯಾಗಿಯೇ ಒಳಹೊಕ್ಕಿತು. ಕೀವು ಬಂದ ಸಂತೋಷದಲ್ಲಿ ಅರವತ್ತು ಮಿಲಿಲೀಟರ್ ಎಳೆದುಬಿಟ್ಟೆ. ಪಿತ್ತಕೋಶ ಕುಗ್ಗಿ ಮುದುಡಿತು, ನಳಿಕೆಗೆ ದಾರಿಯಾಗಲೆಂದು ಸೂಜಿಯೊಳಗಿಂದ ಬಿಟ್ಟ ತಂತಿ ಸುರುಳಿಯಾಗಲು ಒಳಗೆ ಜಾಗವೇ ಉಳಿಯಲಿಲ್ಲ, ಅದು ಹೊರಗೆ ಜಾರಿತು. ಖಾಲಿ ಮಾಡಿದ್ದಷ್ಟರಿಂದಲೇ ಆ ತಾಯಿ ಎರಡು ದಿನ ಸುಧಾರಿಸಿದರು. ಮತ್ತೆ ಜ್ವರ ಏರಿದಾಗ ಎರಡನೆಯ ಸಲ ಚುಚ್ಚಿ ನಳಿಕೆ ಹಾಕಿದೆ, ಬದುಕಿದರು. ಅಂದಿನಿಂದ ಕಲ್ಚರ್‌ಗೆ ಬೇಕಾದ ಐದು ಮಿಲಿಲೀಟರ್ ಮಾತ್ರ ತೆಗೆದು ನಿಲ್ಲಿಸುತ್ತೇನೆ. ಪಿಗ್‌ಟೇಲಿನ ಸುರುಳಿ ಒಳಗೆ ಬಿಗಿಯಾದ ಮೇಲೆಯೇ ಉಳಿದ ಕೀವು ತೆಗೆಯುತ್ತೇನೆ.

ಎರಡನೆಯ ಸೋಲು ಹಣ ಉಳಿಸಲು ಹೋಗಿ ಆದದ್ದು. ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆ) ಕಿಟ್‌ನಲ್ಲಿ ಬರುವ ಮೃದುವಾದ ತಂತಿಯನ್ನೇ ಬಳಸಿದೆ. ದಾರಿ ಹಿಗ್ಗಿಸುವ ಡೈಲೇಟರ್ ಯಕೃತ್ತಿನ ಹೊದಿಕೆಗೆ ತಾಗುತ್ತಿದ್ದಂತೆ ತಂತಿ ಮಡಚಿಕೊಂಡಿತು. ಗಡುಸು ತಂತಿಗೆ ಆಗ ಸಾವಿರದಷ್ಟು ಬೆಲೆ, 8.5 ಫ್ರೆಂಚ್ ದಪ್ಪದ ಪಿಗ್‌ಟೇಲ್, ಚೀಲ ಎಲ್ಲ ಸೇರಿ ನಾಲ್ಕು ಸಾವಿರದೊಳಗೆ ಮುಗಿಯುತ್ತಿತ್ತು. ಆ ಸಾವಿರ ಉಳಿಸಲು ಹೋಗಿ ಎರಡು ಕಿಟ್ ಹಾಳು ಮಾಡಿದೆ.

ಮೂರನೆಯದು ನನ್ನನ್ನು ಇನ್ನೂ ಕಾಡುತ್ತದೆ. ನಾಲ್ಕನೆಯ ದಿನ ರಾತ್ರಿ ಗೊಂದಲದಲ್ಲಿ ಕನವರಿಸುತ್ತಿದ್ದ ರೋಗಿ ನಳಿಕೆಯನ್ನು ಕಿತ್ತುಕೊಂಡರು. ನಳಿಕೆಯ ಸುತ್ತಲಿನ ದಾರಿ ಇನ್ನೂ ಗಟ್ಟಿಯಾಗಿರಲಿಲ್ಲ, ಪಿತ್ತ ಹೊಟ್ಟೆಯೊಳಗೆ ಸೋರಿತು. ಶಸ್ತ್ರಚಿಕಿತ್ಸೆ ಮಾಡಿದರೂ ಅವರನ್ನು ಉಳಿಸಿಕೊಳ್ಳಲಾಗಲಿಲ್ಲ. ಈಗ ನಳಿಕೆಯನ್ನು ಚರ್ಮಕ್ಕೆ ಎರಡು ಕಡೆ ಕಟ್ಟುತ್ತೇನೆ. ಆ ಗಂಟಿನ ಕ್ರಮವನ್ನು ಬರೆದು ತಿಳಿಸಲು ನನಗೆ ಇಷ್ಟವಿಲ್ಲ, ಬಂದವರಿಗೆ ಕೈಯಲ್ಲೇ ತೋರಿಸುತ್ತೇನೆ.

ಸೂಜಿ ಹೋಗುವ ದಾರಿಯ ವಿಷಯದಲ್ಲಿ ನನಗೆ ಈಗ ಗೊಂದಲವಿಲ್ಲ: ಸಾಧ್ಯವಿದ್ದಲ್ಲೆಲ್ಲ ಯಕೃತ್ತಿನ ಮೂಲಕ, ಪಕ್ಕೆಲುಬಿನ ಮೇಲಂಚಿಗೆ ತಾಗಿಸಿ, ಎರಡು ಮೂರು ಸೆಂಟಿಮೀಟರ್ ಯಕೃತ್ತು ನಡುವೆ ಇರುವಂತೆ. ಸೂಜಿಯ ತುದಿ ಪರದೆಯ ಮೇಲೆ ಕಾಣದಿದ್ದರೆ ಒಂದು ಮಿಲಿಮೀಟರ್ ಕೂಡ ಮುಂದೆ ಹೋಗುವುದಿಲ್ಲ. ವೆಂಟಿಲೇಟರ್ ಮೇಲಿರುವವರಲ್ಲಿ ಉಸಿರು ಹೊರಬಿಟ್ಟ ಕೊನೆಯಲ್ಲಿ ಅರಿವಳಿಕೆ ತಜ್ಞರು ಕೆಲವು ಸೆಕೆಂಡು ಉಸಿರಾಟ ನಿಲ್ಲಿಸಿಕೊಡುತ್ತಾರೆ. ಆ ಕೆಲವು ಸೆಕೆಂಡುಗಳಲ್ಲೇ ಗೋಡೆ ದಾಟಬೇಕು. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) 1.5 ದಾಟಿದ್ದರೆ, ಪ್ಲೇಟ್‌ಲೆಟ್ 50,000ಕ್ಕಿಂತ ಕಡಿಮೆಯಿದ್ದರೆ ಮೊದಲು ಸರಿಪಡಿಸುತ್ತೇನೆ. ಗೋಡೆ ಚುಚ್ಚಿದಾಗ ನಾಡಿ ಒಮ್ಮೆಲೇ ಇಳಿಯುವುದನ್ನು ಎರಡು ಸಲ ಕಂಡಿದ್ದೇನೆ, ಆದ್ದರಿಂದ ನಾಡಿ ಏರಿಸುವ ಅಟ್ರೋಪಿನ್ ತುಂಬಿದ ಸಿರಿಂಜ್ ಪಕ್ಕದಲ್ಲಿರಲೇಬೇಕು.

ನಡುವೆ ಒಂದಷ್ಟು ಪ್ರಯೋಗಗಳನ್ನೂ ಮಾಡಿದೆ. ತಂತಿಯಿಲ್ಲದೆ ನಳಿಕೆಯನ್ನೇ ಒಂದೇ ಏಟಿಗೆ ಚುಚ್ಚುವ ಟ್ರೋಕಾರ್ ವಿಧಾನವನ್ನು ಐದು ರೋಗಿಗಳಲ್ಲಿ ನೋಡಿದೆ. ಉಬ್ಬಿ ಬಿಗಿದ ಪಿತ್ತಕೋಶದಲ್ಲಿ ಸುಲಭ, ಆದರೆ ದಪ್ಪ ಗೋಡೆಯಿದ್ದಲ್ಲಿ ಗೋಡೆ ಒಳಕ್ಕೆ ಬಾಗುತ್ತದೆಯೇ ಹೊರತು ತೂತಾಗುವುದಿಲ್ಲ, ಆದ್ದರಿಂದ ಕೈಬಿಟ್ಟೆ. ಎರಡು ಸಿರಿಂಜುಗಳ ನಡುವೆ ಸಲೈನನ್ನು ಗಾಳಿಯ ಹನಿಯೊಂದಿಗೆ ಜೋರಾಗಿ ಅತ್ತಿತ್ತ ತಳ್ಳಿ, ನಳಿಕೆಯೊಳಗೆ ಸ್ವಲ್ಪ ಬಿಟ್ಟು ಅಲ್ಟ್ರಾಸೌಂಡಿನಲ್ಲಿ ನೋಡಿದಾಗ ಗುಳ್ಳೆಗಳು ಪಿತ್ತಕೋಶದೊಳಗೆ ನಕ್ಷತ್ರಗಳಂತೆ ಮಿನುಗಿದವು. ಎಕ್ಸ್‌ರೇ ಇಲ್ಲದೆ ನಳಿಕೆ ಸರಿಯಾದ ಜಾಗದಲ್ಲಿದೆ ಎಂದು ತಿಳಿಯಲು ನನಗೆ ಇದಕ್ಕಿಂತ ಅಗ್ಗದ ದಾರಿ ಸಿಕ್ಕಿಲ್ಲ. ಹೊಸಬರ ಕೈ ಪಳಗಿಸಲು ನೀರು ತುಂಬಿದ ಕೈಗವಸಿನ ಬೆರಳನ್ನು ಜೆಲಾಟಿನಿನಲ್ಲಿ ಹೆಪ್ಪುಗಟ್ಟಿಸುತ್ತೇನೆ. ಮೇ ತಿಂಗಳ ಕಲಬುರಗಿಯಲ್ಲಿ ಅದು ಫ್ರಿಜ್‌ನಿಂದ ಹೊರಗೆ ಅರ್ಧ ಗಂಟೆಯೂ ನಿಲ್ಲುವುದಿಲ್ಲ.

ಎಲ್ಲರಿಗೂ ನಳಿಕೆ ಹಾಕಬೇಕೆಂದು ನಾನು ಹೇಳುವುದಿಲ್ಲ. 2018ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ 'ಚಾಕೊಲೇಟ್' ಹೆಸರಿನ ಅಧ್ಯಯನವು ಅಪಾಯ ಹೆಚ್ಚಿರುವವರಲ್ಲೂ ನಳಿಕೆಗಿಂತ ಲ್ಯಾಪರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆಯುವುದೇ ಮೇಲೆಂದು ತೋರಿಸಿತು, ಮತ್ತು ಸಹೋದ್ಯೋಗಿಗಳು ಅದನ್ನೇ ನನ್ನ ಮುಂದೆ ಹಿಡಿದರು. ಆದರೆ ಅಪಾಚೆ 2 ಅಂಕ (ಕಾಯಿಲೆಯ ತೀವ್ರತೆಯ ಅಳತೆ) 15 ಮುಟ್ಟಿದವರನ್ನು ಅದರಲ್ಲಿ ಸೇರಿಸಿಕೊಂಡಿರಲಿಲ್ಲ. ನಾನು ಸೂಜಿ ಹಿಡಿಯುವುದು ಬಹುತೇಕ ಅಂಥವರಿಗೇ. ಅರಿವಳಿಕೆ ತಡೆದುಕೊಳ್ಳುವವರನ್ನು ಶಸ್ತ್ರಚಿಕಿತ್ಸಕರಿಗೇ ಒಪ್ಪಿಸುತ್ತೇನೆ.

ಆಮೇಲಿನದು ಸಿಸ್ಟರ್‌ಗಳ ಕೆಲಸ: ದಿನಕ್ಕೆ ಎರಡು ಸಲ ಐದು ಮಿಲಿಲೀಟರ್ ಸಲೈನಿನಿಂದ ನಳಿಕೆ ತೊಳೆಯುವುದು, ಚೀಲಕ್ಕೆ ಬಂದದ್ದರ ಅಳತೆ. ಮೂರು ವಾರಗಳ ಒಳಗೆ ನಳಿಕೆ ತೆಗೆಯುವುದಿಲ್ಲ. ಸಾಮಾನ್ಯವಾಗಿ ಆರನೆಯ ವಾರ, ಡೈ ಬಿಟ್ಟು ತೆಗೆದ ಎಕ್ಸ್‌ರೇಯಲ್ಲಿ ಪಿತ್ತಕೋಶದ ನಾಳ ತೆರೆದಿದೆ ಎಂದು ಕಂಡ ಮೇಲೆ. ಅರ್ಧದಷ್ಟು ಜನ ನಂತರ ಪಿತ್ತಕೋಶ ತೆಗೆಸಿಕೊಂಡರು. ಶಸ್ತ್ರಚಿಕಿತ್ಸೆಗೆ ಹೃದಯ ಒಪ್ಪದ, ಜೇವರ್ಗಿ ಕಡೆಯ ಅಜ್ಜಿಯೊಬ್ಬರು ಮೂರು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ನಳಿಕೆ ಬದಲಿಸಿಕೊಂಡು, ಸಂಜೆಯ ಬಸ್ಸಿಗೇ ಊರಿಗೆ ಮರಳುತ್ತಾರೆ.