ಈ ಬಿಳಿಮೀನಿಗೆ ಯಾವ ಹೆಸರು ಬರೆಯೋದು?

ನನ್ನ ಹಳೇ ನೋಟ್‌ಬುಕ್‌ನಲ್ಲಿ ಒಂದೇ ಮೀನಿಗೆ ಮೂರು ಹೆಸರಿವೆ. ಬರೆದವನೂ ನಾನೇ, ಹೊಡೆದು ಹಾಕಿದವನೂ ನಾನೇ. ಮೊದಲು ‘ಟಾರ್ ಮುಸುಲ್ಲಾ’, ಆಮೇಲೆ ‘ಟಾರ್ ಕುದ್ರೀ?’, ಕೊನೆಗೆ ‘ಟಾರ್ ರೆಮಾದೇವಿ’. ಮೀನು ಕಾವೇರಿಯ ಗೂನುಬೆನ್ನಿನ ಮಹಶೀರ್; ‘ಟಾರ್’ ಅನ್ನೋದು ಮಹಶೀರ್‌ಗಳ ಕುಲದ ಹೆಸರು. ನಮ್ಮ ಕಡೆ ಗಾಳ ಹಾಕುವವರಿಗೆ ಎಲ್ಲವೂ ಬಿಳಿಮೀನೇ. ಜಗಳ ಇರುವುದು ಪುಸ್ತಕದ ಹೆಸರಲ್ಲಿ, ಅಂದರೆ ವೈಜ್ಞಾನಿಕ ಹೆಸರಲ್ಲಿ. ನೀವೂ ಮೀನಿನ ಫೋಟೋ ತೆಗೆದು ಹೆಸರು ಬರೆದಿಡುವವರಾದರೆ, ನಾನು ಎಡವಿದ ಕಡೆ ನೀವು ಎಡವಬೇಡಿ.

ಮೊದಲು ನದಿ ಬರೆಯಿರಿ, ಆಮೇಲೆ ಮೀನು. ‘ಮೈಸೂರು ಹತ್ತಿರ’ ಅಂದರೆ ಸಾಲದು. ಯಾವ ಹೊಳೆ, ಅದು ಹೋಗಿ ಸೇರುವುದು ಎಲ್ಲಿಗೆ, ಅದು ಬೇಕು. ನಾನು ಮುಸುಲ್ಲಾ ಅಂತ ಬರೆದು ಕೆಟ್ಟಿದ್ದು ಇಲ್ಲೇ. ಆ ಹೆಸರು ಕೊಟ್ಟವರು ಸೈಕ್ಸ್ ಎಂಬ ಸೇನಾಧಿಕಾರಿ, 1839ರಲ್ಲಿ, ದಖ್ಖನ್‌ನ ಮೀನು ನೋಡಿ. ಪುಣೆ ಕಡೆಯ ಆ ನೀರು ಕೃಷ್ಣೆಗೆ ಹೋಗುತ್ತೆ, ಕಾವೇರಿಗಲ್ಲ. ಮುಂದೆ ಹಳೆಯ ವಿವರಣೆಯನ್ನು ಸರಿಯಾಗಿ ಓದಿದವರು, ಮುಸುಲ್ಲಾ ಮಹಶೀರೇ ಅಲ್ಲ, ಹೈಪ್ಸೆಲೋಬಾರ್ಬಸ್ ಗುಂಪಿನ ಮೀನು ಎಂದು ತೋರಿಸಿದರು. ಅಷ್ಟು ವರ್ಷ ನಾವೆಲ್ಲ ಪಕ್ಕದ ಮನೆಯವರ ಹೆಸರಲ್ಲಿ ಇವನನ್ನು ಕೂಗುತ್ತಿದ್ದೆವು.

ಆಮೇಲೆ ಮೀನನ್ನು ನೋಡಿ. ನೀರಿಂದ ಎತ್ತಿ ಹಿಡಿದು ಪೋಸ್ ಕೊಡೋದು ಬೇಡ. ಪಕ್ಕದಿಂದ, ತಲೆಯಿಂದ ಬಾಲದವರೆಗೆ ಪೂರ್ತಿ ಕಾಣುವ ಒಂದು ಫೋಟೋ ಸಾಕು. ಗೂನುಬೆನ್ನಿನವನಲ್ಲಿ ತಲೆಯ ಹಿಂದಿನಿಂದಲೇ ಬೆನ್ನು ಏರುತ್ತೆ, ಬೆನ್ನಿನ ರೆಕ್ಕೆ ಶುರುವಾಗುವ ತನಕ. ಬಾಲ ಒಳ್ಳೆ ಕಿತ್ತಳೆ ಬಣ್ಣ. ಕುದ್ರೀ ಇನ್ನೊಂದು ಜಾತಿಯ ಮಹಶೀರ್, ಅದಕ್ಕೆ ಆ ಗೂನು ಇಲ್ಲ, ರೆಕ್ಕೆಗಳಲ್ಲಿ ನೀಲಿ ಛಾಯೆ. ಬಣ್ಣ ಒಂದನ್ನೇ ನಂಬಬೇಡಿ ಮಾತ್ರ. ಕೆಸರು ನೀರಲ್ಲಿ, ಸಂಜೆ ಬೆಳಕಲ್ಲಿ ಕಿತ್ತಳೆಯೂ ಕಂದಾಗಿ ಕಾಣುತ್ತೆ. ಇನ್ನೊಂದು ತೊಡಕು: ಲೋಣಾವಳದಲ್ಲಿ ಮರಿ ಮಾಡಿಸಿದ ಕುದ್ರೀಯನ್ನು ತಂದು ಕಾವೇರಿಗೂ ಬಿಟ್ಟಿದ್ದಾರೆ. ಹಾಗಾಗಿ ‘ಕಾವೇರಿಯಲ್ಲಿ ಸಿಕ್ತು, ಗೂನುಬೆನ್ನೇ ಇರಬೇಕು’ ಅನ್ನೋ ಹಾಗಿಲ್ಲ.

ಹೆಸರು ಓದುವಾಗ ಆವರಣ ಚಿಹ್ನೆ ಗಮನಿಸಿ. ‘ಟಾರ್ ಕುದ್ರೀ (ಸೈಕ್ಸ್, 1839)’ ಎಂದಿದ್ದರೆ, ಸೈಕ್ಸ್ ಅದನ್ನು ಬೇರೆ ಕುಲದಲ್ಲಿ ಇಟ್ಟಿದ್ದರು, ಆಮೇಲೆ ಯಾರೋ ಟಾರ್‌ಗೆ ಸಾಗಿಸಿದ್ದಾರೆ ಅಂತ ಅರ್ಥ. ಸೈಕ್ಸ್ ಕಾಲಕ್ಕೆ ಅದು ಬಾರ್ಬಸ್. ಟಾರ್ ರೆಮಾದೇವಿಯ ಮುಂದೆ ಕುರುಪ್ ಮತ್ತು ರಾಧಾಕೃಷ್ಣನ್ ಹೆಸರು ಆವರಣ ಇಲ್ಲದೆ ಬರುತ್ತೆ, ಹುಟ್ಟಿದ ಮನೆಯಲ್ಲೇ ಇದೆ. ಅವರು ಹೆಸರಿಟ್ಟಿದ್ದು ಕೇರಳದ ಪಾಂಬಾರ್ ಹೊಳೆಯ ಸಣ್ಣ ಮೀನುಗಳಿಗೆ. ಪಾಂಬಾರ್ ಅಮರಾವತಿಗೆ ಸೇರಿ, ಅಲ್ಲಿಂದ ಕಾವೇರಿಗೆ ಬರುತ್ತೆ. ಆ ಸಣ್ಣವೂ ಕಾವೇರಿಯ ದೈತ್ಯರೂ ಒಂದೇ ಜಾತಿ ಅಂತ 2018ರಲ್ಲಿ ಗೊತ್ತಾಯಿತು.

ಯೋಚಿಸಿ, 1946ರಲ್ಲಿ ಕಬಿನಿಯಲ್ಲಿ ನಮ್ಮ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಅಷ್ಟು ದೊಡ್ಡ ಮೀನಿಗೆ ಸರಿಯಾದ ಹೆಸರು ಸಿಗಲು ಇನ್ನೂ 70 ವರ್ಷದ ಮೇಲೆ ಬೇಕಾಯಿತು. ಹೆಸರು ಇತ್ಯರ್ಥವಾದ ಮೇಲೆ ಅದೇ 2018ರಲ್ಲಿ, ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಜಾತಿ ಅಂತ ಸೇರಿತು. ಹೆಸರಿಲ್ಲದವರಿಗೆ ರೇಷನ್ ಕಾರ್ಡೂ ಇಲ್ಲ ಅಲ್ವಾ.

(ಮೀನಿಗೆ ಈ ಹೆಸರು ಬಂದದ್ದು ಮೀನು ತಜ್ಞೆ ರೆಮಾ ದೇವಿಯವರಿಂದ. ಅವರು ಹೆಂಗಸು, ಲ್ಯಾಟಿನ್ ವ್ಯಾಕರಣದ ಪ್ರಕಾರ ಹೆಸರಿನ ಕೊನೆ ಬೇರೆ ಇರಬೇಕಿತ್ತು ಅಂತ ತಕರಾರು ತೆಗೆಯಬಹುದು. ನಾನಂತೂ ಮೊದಲು ಅಚ್ಚಾದ ಹಾಗೇ ಬರೆಯುತ್ತೇನೆ.)

ಅನುಮಾನ ಬಂದರೆ ‘ಎಶ್‌ಮೇಯರ್ಸ್ ಕ್ಯಾಟಲಾಗ್ ಆಫ್ ಫಿಷಸ್’ ಆನ್‌ಲೈನ್‌ನಲ್ಲಿ ಸಿಗುತ್ತೆ. ಹಳೇ ಹೆಸರು ಹಾಕಿದರೆ ಈಗಿನದು ಯಾವುದು ಅಂತ ತೋರಿಸುತ್ತೆ. ಅಲ್ಲೂ ತೀರ್ಮಾನ ಆಗದಿದ್ದರೆ ‘ಟಾರ್ ಎಸ್‌ಪಿ., ಕಬಿನಿ’ ಅಂತ ಬರೆದು ಸುಮ್ನಿರಿ; ಕುಲ ಟಾರ್, ಜಾತಿ ಗೊತ್ತಿಲ್ಲ ಅಂತ ಅದರ ಅರ್ಥ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಹಳೇ ಹೆಸರನ್ನು ಒರೆಸಬೇಡಿ, ಒಂದು ಗೀಟು ಎಳೆದು ಪಕ್ಕದಲ್ಲಿ ಹೊಸದನ್ನು ತಾರೀಖು ಸಮೇತ ಹಾಕಿ.

ಇಷ್ಟೆಲ್ಲ ಹೇಳಿಕೊಟ್ಟ ಮೇಲೂ ಮೊನ್ನೆ ನನ್ನ ಭಾವ ಒಂದು ಫೋಟೋ ಕಳಿಸಿದರು. ‘ಮಹಶೀರ್ ಅಲ್ವಾ ಇದು?’ ಬಾಲ ಇಲ್ಲ, ಬೆನ್ನಿಲ್ಲ, ಸ್ಟೀಲ್ ತಟ್ಟೆಯಲ್ಲಿ ಬರೀ ತಲೆ. ಯಾವ ನದಿ ಭಾವ ಅಂತ ಕೇಳಿದೆ. ‘ಸಂತೆ’ ಅಂದರು. ಜೂಮ್ ಮಾಡಿ ನೋಡಿದೆ. ಮಹಶೀರ್‌ಗೆ 4 ಮೀಸೆ ಇರುತ್ತೆ. ಇದಕ್ಕೆ ಒಂದೂ ಇಲ್ಲ, ಬಾಯಿ ಬೇರೆ ಮೇಲಕ್ಕೆ ತೆರೆದುಕೊಂಡಿದೆ. ಕಾಟ್ಲಾ. ಸಾರು ಮಾಡಿ ಅಂದೆ.