ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಡುವೆ ಗಿಡಮೂಲಿಕೆ: ಏನು ನೋಡಬೇಕು

ಸಾರು, ಪಲ್ಯಕ್ಕೆ ಹಾಕುವ ಚಿಟಿಕೆ ಅರಿಶಿನಕ್ಕೆ ಹೆದರಬೇಕಿಲ್ಲ. ಅರಿಶಿನದಿಂದ ತೆಗೆದ ಕರ್ಕ್ಯುಮಿನ್‌ನ ಕ್ಯಾಪ್ಸೂಲ್ ಮಾತ್ರ ಬೇರೆಯೇ ವಿಷಯ. ಒಂದರಲ್ಲೇ ಸಾಮಾನ್ಯವಾಗಿ 500 ಮಿಲಿಗ್ರಾಂ ಸಾರ ಇರುತ್ತದೆ. ಮೈಗೆ ಹತ್ತಲೆಂದು ಕಾಳುಮೆಣಸಿನ ಪೈಪರಿನ್ ಕೂಡ ಸೇರಿಸಿರುತ್ತಾರೆ. ಸ್ತನ ಕ್ಯಾನ್ಸರ್‌ಗೆ ಕೊಡುವ ಟಾಮೋಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುವವರು ಈ ಕ್ಯಾಪ್ಸೂಲ್ ಬಿಡುವುದೇ ಒಳ್ಳೆಯದು. ಆ ಮಾತ್ರೆ ಯಕೃತ್ತಿನಲ್ಲಿ ಎಂಡಾಕ್ಸಿಫೆನ್ ಆಗಿ ಬದಲಾದ ಮೇಲೆಯೇ ಸರಿಯಾಗಿ ಕೆಲಸ ಮಾಡುವುದು. 2019ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್ ಅಧ್ಯಯನವೊಂದರಲ್ಲಿ ಕರ್ಕ್ಯುಮಿನ್, ಪೈಪರಿನ್ ಎರಡೂ ಸೇರಿದಾಗ ರಕ್ತದಲ್ಲಿ ಎಂಡಾಕ್ಸಿಫೆನ್ ಪ್ರಮಾಣ ಇಳಿದಿತ್ತು.

ಅಮೃತಬಳ್ಳಿ, ಅಶ್ವಗಂಧ, ಗ್ರೀನ್ ಟೀ ಸಾರದ ಮಾತ್ರೆ: ಈ ಮೂರರಿಂದಲೂ ಕೆಲವರ ಯಕೃತ್ತಿಗೆ ಪೆಟ್ಟಾದ ವರದಿಗಳಿವೆ. ಕೀಮೋ ನಡುವೆ ಎಲ್‌ಎಫ್‌ಟಿ (ಯಕೃತ್ತಿನ ರಕ್ತಪರೀಕ್ಷೆ) ಮಟ್ಟ ಏರಿದರೆ ಮುಂದಿನ ಡೋಸ್ ಮುಂದೂಡಬೇಕಾಗಬಹುದು, ಕಾರಣ ಕೀಮೋನೋ ಮೂಲಿಕೆಯೋ ಎಂದು ಹೇಳುವುದೂ ಕಷ್ಟ. ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ, ಮೈ ವಿಪರೀತ ತುರಿಸಿದರೆ ಮೂಲಿಕೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ. ಟಾಮೋಕ್ಸಿಫೆನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ.

ಬಿಳಿ ರಕ್ತಕಣ ಕಡಿಮೆಯಿರುವಾಗ ಕುದಿಸದ ಗೋಧಿಹುಲ್ಲಿನ ರಸ ಬೇಡ, ಸೋಂಕಿನ ಭಯವಿದೆ. ಬೆಳ್ಳುಳ್ಳಿ ಮಾತ್ರೆ, ಗಿಂಕೋ ಎಂಬ ಮರದ ಎಲೆಯ ಸಾರದ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸಬಲ್ಲವು. ಆಪರೇಷನ್‌ಗೆ 2 ವಾರ ಮೊದಲೇ ನಿಲ್ಲಿಸಿ.

ಡಾಕ್ಟರ್ ಬಳಿಗೆ ಡಬ್ಬಿಗಳನ್ನೇ ಒಯ್ಯಿರಿ. ಬೇರೋ ಎಲೆಯೋ, ಎಷ್ಟು ಮಿಲಿಗ್ರಾಂ, ದಿನಕ್ಕೆಷ್ಟು ಸಲ, ಯಾವಾಗಿನಿಂದ ಎಂದು ಚೀಟಿಯಲ್ಲಿ ಬರೆದಿಡಿ. ಬೈಯುತ್ತಾರೆಂದು ಮುಚ್ಚಿಡಬೇಡಿ ಅಮ್ಮಾ, ಡೋಸ್ ನಿರ್ಧರಿಸಲು ಅವರಿಗೆ ಈ ಚೀಟಿ ಬೇಕೇ ಬೇಕು.